ವಿಜ್ಞಾನಿಯ ದರ್ಶನಕ್ಕೆ ಹೋಗಬೇಡಿ

ಹೆಸರಾಂತ ವಿಜ್ಞಾನಿಯೊಬ್ಬರು ಊರಿಗೆ ಬಂದು ಉಪನ್ಯಾಸ ಕೊಡುತ್ತಾರೆಂದರೆ ನಮ್ಮ ಶಾಲೆ ಕಾಲೇಜುಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಅರ್ಥ ಆಗದೇ ಇದ್ದರೂ ಪರವಾಗಿಲ್ಲ, ಅಂಥವರನ್ನ ಕಣ್ಣಾರೆ ನೋಡಿದರೆ ಸಾಕು, ಮಕ್ಕಳಿಗೆ ಸ್ಫೂರ್ತಿ ಸಿಗುತ್ತೆ." ಮೇಷ್ಟ್ರುಗಳು ಹೇಳುತ್ತಾರೆ, ತಂದೆತಾಯಿ ಹೇಳುತ್ತಾರೆ, ಸ್ವಾಗತ ಭಾಷಣದಲ್ಲಿ ಪ್ರಾಂಶುಪಾಲರು ಹೇಳುತ್ತಾರೆ, ಮರುದಿನದ ಪತ್ರಿಕಾ ವರದಿಯೂ ಅದನ್ನೇ ಹೇಳುತ್ತದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ವಿಜ್ಞಾನ ಜನರ ಕೈಗೆ ಸಿಗದಂತೆ ಮಾಡುವುದರಲ್ಲಿ ಈ ಮಾತಿನಷ್ಟು ಕೆಲಸ ಮಾಡಿದ್ದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಮೊದಲ ಅರ್ಧವನ್ನೇ ತೆಗೆದುಕೊಳ್ಳಿ. ಅರ್ಥವಾಗದಿದ್ದರೂ ಪರವಾಗಿಲ್ಲ ಎಂದ ಕೂಡಲೇ ಮೂವರ ಹೊಣೆ ಕಳಚಿಬಿತ್ತು. ಕೇಳಲು ಬಂದ ಹುಡುಗ ಮನಸ್ಸಿಟ್ಟು ಹಿಂಬಾಲಿಸಬೇಕಾಗಿಲ್ಲ. ಮಾತಾಡಲು ಬಂದವರು ತಮ್ಮ ಸಂಶೋಧನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಲ್ಯದ ಕಷ್ಟ, ಗುರುಗಳ ನೆನಪು, ವಿದೇಶದಲ್ಲಿ ಸಿಕ್ಕ ಮನ್ನಣೆ, ಕೊನೆಗೆ ದೊಡ್ಡ ಕನಸು ಕಾಣಿ ಎಂಬ ಹಾರೈಕೆ ಇದ್ದರೆ ಸಭೆ ಸಂತೋಷದಿಂದ ಎದ್ದುಹೋಗುತ್ತದೆ. ಏರ್ಪಡಿಸಿದವರು ಪ್ರಶ್ನೆಗಳಿಗೆ ಸಮಯ ಮೀಸಲಿಡಬೇಕಾಗಿಲ್ಲ, ಯಾಕೆಂದರೆ ಪ್ರಶ್ನೆ ಹುಟ್ಟುವುದು ಅರ್ಥಮಾಡಿಕೊಳ್ಳಲು ಹೊರಟವರಿಗೆ ಮಾತ್ರ.

ನಮ್ಮ ಕಾರ್ಯಕ್ರಮಗಳ ರೂಪವೇ ಈ ನಂಬಿಕೆಯಿಂದ ಬಂದದ್ದು. ರಾಷ್ಟ್ರೀಯ ವಿಜ್ಞಾನ ದಿನವಾದ ಫೆಬ್ರುವರಿ 28ರ ಆಸುಪಾಸಿನಲ್ಲಿ ಯಾವುದಾದರೂ ಕಾಲೇಜಿನ ಸಭಾಂಗಣಕ್ಕೆ ಹೋಗಿ ಕುಳಿತು ನೋಡಿ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ. ಆ ಪರಿಚಯದಲ್ಲಿ ಪ್ರಶಸ್ತಿಗಳ ಪಟ್ಟಿ ಇರುತ್ತದೆ, ಅವರು ಕಂಡುಹಿಡಿದದ್ದೇನು ಎಂಬುದು ಇರುವುದಿಲ್ಲ. ಆಮೇಲೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಇಷ್ಟೂ ಮುಗಿದ ಮೇಲೆ ಉಪನ್ಯಾಸ. ಉಪನ್ಯಾಸ ಮುಗಿದಾಗ ನಿರೂಪಕರು ಮೈಕಿನಲ್ಲಿ ಹೇಳುತ್ತಾರೆ: ಸಮಯದ ಅಭಾವವಿರುವುದರಿಂದ ಒಂದೆರಡು ಪ್ರಶ್ನೆಗಳಿಗೆ ಮಾತ್ರ ಅವಕಾಶ. ಸಮಯ ಎಲ್ಲಿ ಹೋಯಿತೆಂದು ಸಭೆಯಲ್ಲಿರುವ ಎಲ್ಲರಿಗೂ ಗೊತ್ತು.

ಅಂಥದ್ದೊಂದು ಸಭೆಯಲ್ಲಿ ನಾನಿದ್ದೆ. ಜಿಲ್ಲಾ ಕೇಂದ್ರವೊಂದರ ಕಾಲೇಜು, ಮಾತಾಡಿದವರು ದೊಡ್ಡ ಖಗೋಳ ವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ, ಗೆಲಾಕ್ಸಿಗಳು ಒಂದರಿಂದೊಂದು ದೂರ ಸರಿಯುತ್ತಿವೆ ಎಂದು ಅವರು ವಿವರಿಸಿದ್ದರು. ಕೊನೆಗೆ ಪಿಯುಸಿ ಓದುವ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಎಲ್ಲಾನೂ ಹಿಗ್ಗುತ್ತಾ ಇದ್ದರೆ ನಾವೂ ಹಿಗ್ಗುತ್ತಾ ಇದ್ದೀವಾ? ಅಳೆಯೋ ಸ್ಕೇಲೂ ಹಿಗ್ಗಿದರೆ ಹಿಗ್ಗಿದ್ದು ಗೊತ್ತಾಗೋದು ಹೇಗೆ?" ಎಂದಳು. ನಿರೂಪಕರು ಮೈಕು ಹಿಡಿದು, ಸಮಯವಾಗಿದೆ, ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟರೆ ಸರ್ ಅವರಿಗೆ ತಲುಪಿಸುತ್ತೇವೆ ಎಂದರು. ವಂದನಾರ್ಪಣೆ ಶುರುವಾಯಿತು. ಹುಡುಗಿ ಕುಳಿತಳು.

ಅವಳು ಕೇಳಿದ್ದು ಆ ಸಂಜೆಯ ಅತ್ಯುತ್ತಮ ಮಾತು. ಭೌತವಿಜ್ಞಾನಿಗಳು ತಮ್ಮತಮ್ಮಲ್ಲೇ ಗಂಭೀರವಾಗಿ ಚರ್ಚಿಸಿರುವ ಪ್ರಶ್ನೆ ಅದು. ಸ್ಕೇಲಿನ ಪರಮಾಣುಗಳನ್ನು ವಿದ್ಯುತ್ ಬಲ ಬಿಗಿದಿಟ್ಟಿದೆ. ಭೂಮಿಯನ್ನು ಸೂರ್ಯನ ಸುತ್ತ, ಸೂರ್ಯನನ್ನು ಆಕಾಶಗಂಗೆಯೊಳಗೆ ಗುರುತ್ವ ಹಿಡಿದಿಟ್ಟಿದೆ. ಹೀಗೆ ಬಿಗಿದಿರುವ ವಸ್ತುಗಳು ವಿಶ್ವದ ಜೊತೆ ಹಿಗ್ಗುವುದಿಲ್ಲ, ಅದಕ್ಕೇ ನಮ್ಮ ಅಳತೆಗೋಲು ಅಳತೆಗೋಲಾಗಿ ಉಳಿದಿದೆ. ಈ ಉತ್ತರವನ್ನು ಆ ವಿಜ್ಞಾನಿ ಎರಡು ನಿಮಿಷದಲ್ಲಿ ಕೊಡಬಹುದಿತ್ತು, ಕೊಟ್ಟಿದ್ದರೆ ಅಲ್ಲಿದ್ದವರೆಲ್ಲರಿಗೂ ಅದುವರೆಗಿನ ಉಪನ್ಯಾಸದಿಂದ ಸಿಗದಿದ್ದ ಒಂದು ತಿಳಿವಳಿಕೆ ಸಿಗುತ್ತಿತ್ತು. ಹಾರ ಹಾಕಲು ಹಿಡಿದ ಸಮಯದಲ್ಲಿ ಇಂಥ ಎಷ್ಟು ಉತ್ತರಗಳು ಬರಬಹುದಿತ್ತು!

ನನ್ನ ಈ ಮಾತಿಗೆ ಎದುರು ಬರುವ ವಾದ ಹಗುರವಾದದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಹಳ್ಳಿಯಿಂದ ಬಂದ ಮಗು ವಿಜ್ಞಾನಿ ಎಂಬ ಮನುಷ್ಯನನ್ನೇ ಕಂಡಿರುವುದಿಲ್ಲ. ನಮ್ಮಂತೆಯೇ ಇರುವವರೊಬ್ಬರು ಇಂಥ ಕೆಲಸ ಮಾಡುತ್ತಾರೆಂದು ಗೊತ್ತಾಗುವುದೇ ಬದುಕನ್ನು ತಿರುಗಿಸಬಹುದು ಎನ್ನುತ್ತಾರೆ. ನಿಜ. ಆದರೆ ಆ ಮಗು ವಿಜ್ಞಾನಿಯನ್ನು ವಿಜ್ಞಾನ ಮಾಡುತ್ತಿರುವಾಗ ನೋಡಬೇಕು. ಪೇಟ ತೊಟ್ಟು, ಶಾಲು ಹೊದ್ದು ವೇದಿಕೆಯ ಮೇಲೆ ಕುಳಿತವರನ್ನು ಅದು ಊರಿನ ಪ್ರತಿ ಸಮಾರಂಭದಲ್ಲೂ ಕಂಡಿದೆ: ಶಾಸಕರನ್ನು, ಸ್ವಾಮೀಜಿಗಳನ್ನು, ಸಿನಿಮಾ ನಟರನ್ನು. ಅದೇ ಸಾಲಿಗೆ ಇನ್ನೊಬ್ಬರನ್ನು ಸೇರಿಸಿದರೆ ವಿಜ್ಞಾನವೆಂದರೆ ದೊಡ್ಡವರಾಗುವ ಇನ್ನೊಂದು ದಾರಿ ಎಂದು ಮಗು ಕಲಿಯುತ್ತದೆ. ಸರಿಯೋ ತಪ್ಪೋ ಎಂದು ಪರೀಕ್ಷಿಸುತ್ತಾ ಹೋಗುವ ಕೆಲಸ ಅದು ಎಂದು ಕಲಿಯುವುದಿಲ್ಲ.

ಸ್ಫೂರ್ತಿಯ ಪರವಾಗಿ ಮಾತಾಡುವವರು ಮೈಕೆಲ್ ಫ್ಯಾರಡೆಯ ಕತೆಯನ್ನು ಹೇಳದೆ ಬಿಡುವುದಿಲ್ಲ. ಲಂಡನ್ನಿನಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯ ಹುಡುಗ 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಹೋಗಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿದ, ಮರುವರ್ಷ ಅಲ್ಲೇ ಸಹಾಯಕನಾಗಿ ಸೇರಿದ, ಮುಂದೆ ವಿದ್ಯುತ್ ಯುಗವನ್ನೇ ತೆರೆದ. ಒಂದೇ ಉಪನ್ಯಾಸ ಒಬ್ಬನ ಬದುಕನ್ನು ಬದಲಿಸಿತು ನೋಡಿ ಎಂದು ಹೇಳಲು ಇದಕ್ಕಿಂತ ಚೆನ್ನಾದ ಕತೆ ಬೇಕೆ?

ಕತೆಯನ್ನು ಪೂರ್ತಿ ಹೇಳಿದರೆ ಅದು ಅವರ ವಾದಕ್ಕೇ ಎದುರು ನಿಲ್ಲುತ್ತದೆ. ಡೇವಿಯ ಬಳಿಗೆ ಹೋಗುವ ಮೊದಲೇ ಫ್ಯಾರಡೆ ಜಾನ್ ಟೇಟಮ್ ಎಂಬಾತ ತನ್ನ ಮನೆಯಲ್ಲಿ ಕೊಡುತ್ತಿದ್ದ ಉಪನ್ಯಾಸಗಳಿಗೆ ಹೋಗುತ್ತಿದ್ದ. ಒಂದೊಂದಕ್ಕೂ ಒಂದು ಷಿಲಿಂಗ್, ಅದನ್ನು ಕೊಡುತ್ತಿದ್ದವನು ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ. ಅಲ್ಲಿ ಸೇರುತ್ತಿದ್ದ ಸಾಮಾನ್ಯ ಕೆಲಸಗಾರ ಯುವಕರು ತಾವೂ ಸರದಿಯ ಮೇಲೆ ಮಾತಾಡುತ್ತಿದ್ದರು, ವಾದ ಮಾಡುತ್ತಿದ್ದರು. ಉಪಕರಣಗಳ ಚಿತ್ರವನ್ನು ಸರಿಯಾಗಿ ಬರೆದುಕೊಳ್ಳಬೇಕೆಂದು ಫ್ಯಾರಡೆ ಚಿತ್ರಕಲಾವಿದರೊಬ್ಬರ ಬಳಿ ರೇಖಾಚಿತ್ರವನ್ನೂ ಕಲಿತ. ಹೀಗೆ ಕೇಳುವ ವಿದ್ಯೆಯಲ್ಲಿ ಪಳಗಿದ ಮೇಲೆ, ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ ಹಿಡಿದು ಅವನು ಡೇವಿಯ ನಾಲ್ಕು ಉಪನ್ಯಾಸಗಳಿಗೆ ಹೋದದ್ದು. ಪ್ರಯೋಗಗಳನ್ನೂ ಉಪಕರಣಗಳನ್ನೂ ವಿವರವಾಗಿ ಬರೆದುಕೊಂಡ, ಚಿತ್ರ ಸಮೇತ ದೊಡ್ಡ ಹೊತ್ತಿಗೆಯಾಗಿ ತಾನೇ ರಟ್ಟು ಕಟ್ಟಿದ, ಅದನ್ನೇ ಡೇವಿಗೆ ಕಳಿಸಿದ. ಡೇವಿ ಮೆಚ್ಚಿದ್ದು ಆ ಹುಡುಗನ ಭಕ್ತಿಯನ್ನಲ್ಲ, ಆ ಹೊತ್ತಿಗೆಯನ್ನು.

ಡೇವಿ ಆ ದಿನಗಳಲ್ಲಿ ಹೇಳುತ್ತಿದ್ದುದೇನು ಎಂಬುದನ್ನೂ ಗಮನಿಸಬೇಕು. ವಿಷಯಗಳಲ್ಲೊಂದು ಕ್ಲೋರಿನ್. ಆಮ್ಲಗಳಲ್ಲೆಲ್ಲ ಆಮ್ಲಜನಕ ಇದ್ದೇ ಇರುತ್ತದೆ ಎಂದು ಲವಾಸಿಯೇ ಹೇಳಿದ್ದನ್ನು ಯುರೋಪೇ ಒಪ್ಪಿತ್ತು, ಆದ್ದರಿಂದ ಆಮ್ಲದಿಂದ ಪಡೆಯುವ ಈ ಹಸಿರು ಅನಿಲದಲ್ಲೂ ಆಮ್ಲಜನಕ ಅಡಗಿದೆ ಎಂದೇ ತಿಳಿದಿದ್ದರು. ಎಷ್ಟು ಪ್ರಯತ್ನಿಸಿದರೂ ಅದರಿಂದ ಆಮ್ಲಜನಕ ಹೊರಬರುತ್ತಿಲ್ಲ, ಆದ್ದರಿಂದ ಇದು ಸ್ವತಃ ಒಂದು ಮೂಲಧಾತು ಎಂದು ಡೇವಿ 1810ರಲ್ಲಿ ಸಾರಿದ್ದ. 1812ರಲ್ಲಿ ಆ ಜಗಳ ಇನ್ನೂ ಮುಗಿದಿರಲಿಲ್ಲ, ಯುರೋಪಿನ ದೊಡ್ಡ ರಸಾಯನ ವಿಜ್ಞಾನಿಗಳಲ್ಲಿ ಕೆಲವರು ಒಪ್ಪಿರಲಿಲ್ಲ. ಇಪ್ಪತ್ತರ ಫ್ಯಾರಡೆ ಕಂಡದ್ದು ಅದನ್ನು: ಪ್ರಸಿದ್ಧನೊಬ್ಬ ತನಗಿಂತ ಪ್ರಸಿದ್ಧನಾದವನನ್ನು ಪ್ರಯೋಗದ ಬಲದಿಂದ ಎದುರಿಸುತ್ತಿರುವುದನ್ನು. ಮುಂದೆ ತಾನೇ ಆ ವೇದಿಕೆಯ ಮೇಲೆ ನಿಂತು ಮಕ್ಕಳಿಗೆ ಮೇಣದಬತ್ತಿಯ ರಸಾಯನ ವಿಜ್ಞಾನ ಹೇಳಿಕೊಟ್ಟಾಗಲೂ ಅವನು ಕಷ್ಟದ್ದನ್ನು ಬಿಟ್ಟುಬಿಡಲಿಲ್ಲ. ಜ್ವಾಲೆಯ ನಡುವಿನ ಕಪ್ಪು ಭಾಗಕ್ಕೆ ಗಾಜಿನ ಕೊಳವೆಯ ತುದಿಯಿಟ್ಟು, ಒಳಗಿದ್ದ ಮೇಣದ ಆವಿಯನ್ನು ಹೊರಕ್ಕೆಳೆದು, ಕೊಳವೆಯ ಇನ್ನೊಂದು ತುದಿಯಲ್ಲಿ ಅದಕ್ಕೆ ಬೆಂಕಿ ಹೊತ್ತಿಸಿ ತೋರಿಸಿದ. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ ಎಂಬುದು ಮಕ್ಕಳ ಕಣ್ಣೆದುರೇ ಸಾಬೀತಾಯಿತು. ಅಲ್ಲಿ ನಂಬಬೇಕಾದ್ದೇನೂ ಉಳಿಯಲಿಲ್ಲ.

ದರ್ಶನಕ್ಕೆ ಹೋದ ಸಭೆ ಎಂಥ ಅನ್ಯಾಯ ಮಾಡಬಲ್ಲದು ಎಂಬುದಕ್ಕೆ 1935ರ ಜನವರಿ 11 ಸಾಕ್ಷಿ. ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯಲ್ಲಿ 24 ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ತಮ್ಮ ಲೆಕ್ಕಾಚಾರ ಮಂಡಿಸಿದರು: ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ದ್ರವ್ಯರಾಶಿ ಉಳಿದಿರುವ ನಕ್ಷತ್ರ ಶ್ವೇತಕುಬ್ಜವಾಗಿ ತಣ್ಣಗೆ ಕೊನೆಗಾಣಲಾರದು, ಅದು ಕುಸಿಯಲೇಬೇಕು. ಅವರ ನಂತರ ಎದ್ದವರು ಆರ್ಥರ್ ಎಡಿಂಗ್ಟನ್, ಆ ಕಾಲದ ಅತಿ ಪ್ರಸಿದ್ಧ ಖಗೋಳ ವಿಜ್ಞಾನಿ, ಮಾತಿನಲ್ಲೂ ನಿಪುಣರು. ನಕ್ಷತ್ರ ಹೀಗೆ ವಿಚಿತ್ರವಾಗಿ ನಡೆದುಕೊಳ್ಳದಂತೆ ತಡೆಯುವ ನಿಯಮವೊಂದು ಪ್ರಕೃತಿಯಲ್ಲಿ ಇರಲೇಬೇಕು ಎಂದು ಅವರು ಆ ತರುಣನ ಫಲಿತಾಂಶವನ್ನು ಗೇಲಿ ಮಾಡಿದರು. ಸಭೆ ನಕ್ಕಿತು. ಚಂದ್ರಶೇಖರ್ ಉತ್ತರಿಸಬೇಕೆಂದಿದ್ದರು, ಅಧ್ಯಕ್ಷರು ಇದನ್ನು ಚರ್ಚಿಸುವ ಮೊದಲು ಚೆನ್ನಾಗಿ ತೂಗಿನೋಡಬೇಕೆಂದು ಹೇಳಿ ಮುಂದಿನ ಪ್ರಬಂಧವನ್ನು ಕರೆದರು. ಅದು ಪರಿಣತರ ಸಭೆ, ನಮ್ಮ ನಿಮ್ಮಂಥವರ ಸಭೆಯಲ್ಲ. ಅಂಥವರೇ ಹೆಸರಿನ ಕಡೆ ವಾಲಿದರು. ಸರಿಯಿದ್ದದ್ದು ಚಂದ್ರಶೇಖರ್ ಅವರದು. 1983ರಲ್ಲಿ ನೊಬೆಲ್ ಬಂತು. ಚರ್ಚೆಗೆ ಬಾಗಿಲು ಮುಚ್ಚಿದ ಆ ಸಂಜೆಯನ್ನು ಅವರು ಬದುಕಿನುದ್ದಕ್ಕೂ ಮರೆಯಲಿಲ್ಲ.

ನಮ್ಮ ರಾಷ್ಟ್ರೀಯ ವಿಜ್ಞಾನ ದಿನವನ್ನೇ ನೋಡಿ. ರಾಮನ್ ಪರಿಣಾಮ ಕಂಡುಬಂದ 1928ರ ಫೆಬ್ರುವರಿ 28 ಎಲ್ಲರ ಬಾಯಲ್ಲಿದೆ. ಅದೇ ವರ್ಷ ಮಾರ್ಚ್ 16ರಂದು, ಅಂದರೆ ಮೂರು ವಾರವೂ ಕಳೆಯುವ ಮೊದಲು, ಸಿ.ವಿ. ರಾಮನ್ ಬೆಂಗಳೂರಿಗೆ ಬಂದು ದಕ್ಷಿಣ ಭಾರತ ವಿಜ್ಞಾನ ಸಂಘದ ಉದ್ಘಾಟನಾ ಭಾಷಣದಲ್ಲಿ ತಮ್ಮ ಹೊಸ ವಿಕಿರಣದ ವಿಷಯ ಮಂಡಿಸಿದರು ಎಂಬುದನ್ನು ನಮ್ಮ ಊರಿನ ಎಷ್ಟು ಕಾಲೇಜುಗಳು ನೆನೆಯುತ್ತವೆ? ಆ ಭಾಷಣ ಅಚ್ಚಾಗಿದೆ. ಅದರಲ್ಲಿ ಆತ್ಮಕತೆಯಿಲ್ಲ. ಹಿಂದಿನ ಕೆಲಸಗಳಿಂದ ಈ ಪ್ರಶ್ನೆ ಹೇಗೆ ಎದ್ದಿತು, ಯಾವ ಅನುಮಾನ ಬಂತು, ಅದನ್ನು ಹೇಗೆ ಪರೀಕ್ಷಿಸಲಾಯಿತು, ಜೊತೆಗೆ ದುಡಿದ ಕೆ.ಎಸ್. ಕೃಷ್ಣನ್ ಪಾತ್ರವೇನು ಎಂಬುದಿದೆ. ಇನ್ನೂ ಎಲ್ಲವನ್ನೂ ಬಿಡಿಸಿ ನೋಡಬೇಕಾಗಿದೆ ಎಂಬ ಅರ್ಥದ ಮಾತಿನಿಂದ ಅದು ಮುಗಿಯುತ್ತದೆ. ಅಂದು ಅಲ್ಲಿ ಕುಳಿತಿದ್ದವರಿಗೆ ಸಿಕ್ಕಿದ್ದು ಮುಗಿದು ಪಠ್ಯಪುಸ್ತಕ ಸೇರಿದ ವಿಜ್ಞಾನವಲ್ಲ, ಆಗುತ್ತಿರುವ ವಿಜ್ಞಾನ.

ನಲವತ್ತು ವರ್ಷಗಳ ನಂತರ, 1968ರ ಡಿಸೆಂಬರಿನಲ್ಲಿ, ವಿಕ್ರಂ ಸಾರಾಭಾಯಿ ಕಟ್ಟುತ್ತಿದ್ದ ಸಮುದಾಯ ವಿಜ್ಞಾನ ಕೇಂದ್ರದ ಶಂಕುಸ್ಥಾಪನೆಗೆ 80ರ ರಾಮನ್ ಅಹಮದಾಬಾದಿಗೆ ಹೋದರು. ಶಂಕುಸ್ಥಾಪನೆಯೆಂದರೆ ಹಿತವಚನಕ್ಕೆ ಹೇಳಿಮಾಡಿಸಿದ ಸಂದರ್ಭ. ಅವರು ಆಯ್ದುಕೊಂಡ ವಿಷಯ: ಆಕಾಶ ಏಕೆ ನೀಲಿ. ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ ಎಂಬ ಒಂದು ಸಾಲಿನ ಉತ್ತರ ಹೇಳಿ ಮುಗಿಸಲಿಲ್ಲ. ತಲೆಯೆತ್ತಿ ನೋಡಿ, ನೋಡುತ್ತಾ ಕೇಳಿಕೊಳ್ಳಿ ಎಂದು ಒಂದು ಪ್ರಶ್ನೆಯಿಂದ ಇನ್ನೊಂದಕ್ಕೆ ಸಭೆಯನ್ನು ನಡೆಸಿಕೊಂಡು ಹೋದರು. ಹಾಗಾದರೆ ಬೆಳದಿಂಗಳ ರಾತ್ರಿ ಆಕಾಶ ಏಕೆ ನೀಲಿಯಾಗಿ ಕಾಣುವುದಿಲ್ಲ? ಚಂದ್ರನ ಬೆಳಕೂ ಸೂರ್ಯನದೇ, ಗಾಳಿಯೂ ಅದೇ. ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು 4 ಲಕ್ಷದಲ್ಲೊಂದು ಪಾಲು. ಅಷ್ಟು ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣ ಗುರುತಿಸಲಾರದು. ಕ್ಯಾಮೆರಾವನ್ನು ಬಹಳ ಹೊತ್ತು ತೆರೆದಿಟ್ಟು ಚಿತ್ರ ತೆಗೆದರೆ ಬೆಳದಿಂಗಳ ಆಕಾಶವೂ ನೀಲಿಯೇ. ಆಕಾಶದ ಪ್ರಶ್ನೆ ಹೀಗೆ ಕಣ್ಣಿನ ಪ್ರಶ್ನೆಯಾಗುತ್ತದೆ. ಇಂಥ ತಿರುವು ಒಂದು ಸಿಕ್ಕರೆ ಕೇಳಿದವರು ಮನೆಗೆ ಹೋದ ಮೇಲೂ ಯೋಚಿಸುತ್ತಾರೆ. ಸ್ಫೂರ್ತಿ ಎಂಬ ಪದಕ್ಕೆ ಏನಾದರೂ ಅರ್ಥವಿದ್ದರೆ ಅದು ಇಲ್ಲಿಂದ ಹುಟ್ಟಬೇಕು.

ಅದೇ ರಾಮನ್ ಆ ವರ್ಷಗಳಲ್ಲಿ ಬಣ್ಣದ ಗ್ರಹಿಕೆಯ ಬಗ್ಗೆ, ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿವೆ ಎಂಬ ಸಿದ್ಧಾಂತದ ವಿರುದ್ಧ, ತಮ್ಮದೇ ವಾದ ಹೂಡಿದ್ದರು. ವಿಜ್ಞಾನ ಅದನ್ನು ಒಪ್ಪಲಿಲ್ಲ. ಅದಕ್ಕೂ ಮೊದಲು ಹರಳುಗಳ ಕಂಪನದ ವಿಷಯದಲ್ಲಿ ಮ್ಯಾಕ್ಸ್ ಬಾರ್ನ್ ಜೊತೆ ವರ್ಷಗಟ್ಟಲೆ ವಾದಿಸಿದರು, ಅಲ್ಲೂ ನಿಂತದ್ದು ಬಾರ್ನ್ ಪಕ್ಷ. ರಾಮನ್ ದೊಡ್ಡವರು ಎಂಬುದು ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ದೊಡ್ಡವರು ಹೇಳಿದ್ದೆಲ್ಲ ಸರಿಯೆಂದು ಕೈಮುಗಿದು ಕೇಳಿದವರಿಗೆ ಅವರ ಯಾವ ಮಾತು ನಿಂತಿತು, ಯಾವುದು ಬಿತ್ತು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಲೈನಸ್ ಪಾಲಿಂಗ್‌ಗೆ ಎರಡು ನೊಬೆಲ್ ಬಂದಿದ್ದವು. ವಿಟಮಿನ್ ಸಿ ಧಾರಾಳವಾಗಿ ತಿಂದರೆ ನೆಗಡಿ ಬರುವುದಿಲ್ಲ ಎಂದು ಅವರು 1970ರಲ್ಲಿ ಪುಸ್ತಕ ಬರೆದರು, ಊರೂರಲ್ಲಿ ಮಾತಾಡಿದರು, ಜನ ಗುಳಿಗೆ ಕೊಂಡರು. ಆಮೇಲೆ ನಡೆದ ಪರೀಕ್ಷೆಗಳಲ್ಲಿ ಸಾಮಾನ್ಯ ಜನರ ನೆಗಡಿಯನ್ನು ಅದು ತಡೆಯುವುದಿಲ್ಲ ಎಂದೇ ಕಂಡುಬಂತು. ನಮ್ಮಲ್ಲೂ ವಿಜ್ಞಾನಿಯನ್ನು ದೇವರ ಬಗ್ಗೆ, ದೇಶದ ಭವಿಷ್ಯದ ಬಗ್ಗೆ, ಪ್ರಾಚೀನರ ಜ್ಞಾನದ ಬಗ್ಗೆ ಕೇಳಿ, ಬಂದ ಉತ್ತರವನ್ನು ವೇದವಾಕ್ಯದಂತೆ ಹೊತ್ತು ತರುವುದಿದೆ. ಅವರ ಸ್ವಂತ ಕ್ಷೇತ್ರದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ಈಗ ಹೊಸದೊಂದು ವಾದ ಸೇರಿಕೊಂಡಿದೆ: ಎಲ್ಲವೂ ಯೂಟ್ಯೂಬಿನಲ್ಲಿ ಸಿಗುವಾಗ ಅಷ್ಟು ದೂರ ಹೋಗಿ ಕೇಳುವುದೇಕೆ? ಇದು ದರ್ಶನದ ನಂಬಿಕೆಗೆ ವಿರುದ್ಧವಾದ ಮಾತಿನಂತೆ ಕಾಣುತ್ತದೆ, ನಿಜಕ್ಕೂ ಅದರ ಕೂಸು. ಉಪನ್ಯಾಸವೆಂದರೆ ಒಬ್ಬರ ಮುಖ ನೋಡಿ ದನಿ ಕೇಳುವುದಷ್ಟೇ ಆಗಿದ್ದರೆ ಪರದೆಯೇ ಮೇಲು, ಮುಖ ಇನ್ನೂ ದೊಡ್ಡದಾಗಿ ಕಾಣುತ್ತದೆ. ಧ್ವನಿಮುದ್ರಣ, ಚಿತ್ರೀಕರಣಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ರಿಚರ್ಡ್ ಫೈನ್‌ಮನ್ 1964ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳನ್ನು ಬಿಬಿಸಿ ಚಿತ್ರೀಕರಿಸಿಟ್ಟದ್ದರಿಂದಲೇ ಯಾದಗಿರಿಯ ವಿದ್ಯಾರ್ಥಿಯೂ ಇವತ್ತು ಅವನ್ನು ನೋಡಬಲ್ಲ, ನೋಡಲೇಬೇಕು. ಆದರೆ ಅರ್ಥವಾಗದ ಕಡೆ ವಿಡಿಯೋವನ್ನು ಹಿಂದಕ್ಕೆ ಎಳೆದರೆ ಮತ್ತೆ ಬರುವುದು ಅದೇ ವಾಕ್ಯ. ಸಭೆಯಲ್ಲಿ ಎದ್ದು ನಿಂತು ಕೇಳಿದರೆ ಹೇಳುವವರು ಬೇರೆ ವಾಕ್ಯ ಹುಡುಕಬೇಕಾಗುತ್ತದೆ. ಆ ಹುಡುಕಾಟದಲ್ಲಿ ಅವರ ತಿಳಿವಳಿಕೆ ಎಲ್ಲಿ ಗಟ್ಟಿಯಿದೆ, ಎಲ್ಲಿ ಅವರೂ ತಡವರಿಸುತ್ತಾರೆ ಎಂಬುದು ಹೊರಬೀಳುತ್ತದೆ. ಗೊತ್ತಿಲ್ಲ ಎಂದು ಅವರು ಹೇಳುವುದನ್ನು ಒಮ್ಮೆ ಕೇಳಿದವರು ಮುಂದೆ ಎಲ್ಲವೂ ಗೊತ್ತೆನ್ನುವವರ ಮಾತನ್ನು ಎಚ್ಚರದಿಂದ ಕೇಳುತ್ತಾರೆ.

ಇದೆಲ್ಲ ನಮ್ಮ ಜನಕ್ಕೆ ಹೊಂದುವುದಿಲ್ಲ ಎನ್ನುವವರು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಕಡೆ ನೋಡಲಿ. ಗೌರಿಬಿದನೂರು ಬಳಿಯ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯ ಅಲ್ಲಿ 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ವಾರಕ್ಕೊಂದು ಉಪನ್ಯಾಸ, ಜುಲೈ ಬಂತೆಂದರೆ ತಿಂಗಳುದ್ದಕ್ಕೂ ವಿಜ್ಞಾನೋತ್ಸವ, ದಶಕಗಟ್ಟಲೆ. ವರ್ಷಕ್ಕೊಮ್ಮೆ ದೊಡ್ಡ ಹೆಸರನ್ನು ಕರೆಸಿ ಮೆರೆಸುವುದರಿಂದ ಕೇಳುಗರು ಹುಟ್ಟುವುದಿಲ್ಲ, ವಾರವಾರ ಬಂದು ಕೂತು ಕೇಳಿ ಕೇಳಿ ಹುಟ್ಟುತ್ತಾರೆ ಎಂಬುದನ್ನು ಅವರು ಅರಿತಿದ್ದರು. ಇದೇ ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿ ರಚಿಸಿದರು, ನಾಡೆಲ್ಲ ವಿರೋಧವೆದ್ದರೂ ಜಗ್ಗಲಿಲ್ಲ. ಈ ಎರಡನ್ನೂ ಒಬ್ಬರೇ ಮಾಡಿದ್ದು ಆಕಸ್ಮಿಕವಲ್ಲ. ಪ್ರಶ್ನಿಸದೆ ಒಪ್ಪಬಾರದು ಎಂಬ ನಿಯಮ ಬಾಬಾಗಳಿಗೆ ಅನ್ವಯಿಸಿ ವಿಜ್ಞಾನಿಗಳಿಗೆ ವಿನಾಯಿತಿ ಕೊಟ್ಟರೆ ಅದು ನಿಯಮವಾಗಿ ಉಳಿಯುವುದಿಲ್ಲ.

ಪ್ರಶ್ನೆಗೆ ಬಿಟ್ಟರೆ ಅಸಂಬದ್ಧ ಪ್ರಶ್ನೆಗಳು ಬರುತ್ತವೆ, ಕೆಲವರು ತಾವೇ ಭಾಷಣ ಶುರುಮಾಡುತ್ತಾರೆ ಎಂದು ಏರ್ಪಡಿಸುವವರು ದೂರುತ್ತಾರೆ. ಬರುತ್ತವೆ, ಮಾಡುತ್ತಾರೆ. ಭಾಷಣ ಮಾಡುವವರನ್ನು ಕೂರಿಸಲು ಅಧ್ಯಕ್ಷರಿದ್ದಾರೆ. ಅಸಂಬದ್ಧವೆಂದು ತೋರುವ ಪ್ರಶ್ನೆಯನ್ನು ಏನು ಮಾಡಬೇಕೆಂದು ನಿರ್ಧರಿಸಬೇಕಾದವರು ನಿರೂಪಕರಲ್ಲ, ಉಪನ್ಯಾಸಕರು. ಎದ್ದು ನಿಲ್ಲಲು ಅಂಜುವವರಿಗೆ ಚೀಟಿ ಹಂಚಬಹುದು. ಕನ್ನಡದಲ್ಲಿ ಕೇಳಿದ್ದನ್ನು ಹೊರಗಿನಿಂದ ಬಂದ ಅತಿಥಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಲು, ಅವರ ಉತ್ತರವನ್ನು ಕನ್ನಡಕ್ಕೆ ತರಲು ಆ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ಒಬ್ಬರಾದರೂ ಇರಲೇಬೇಕು; ಇಲ್ಲವೆಂದರೆ ಅಲ್ಲಿ ನಡೆಯುವ ಪಾಠದ ಬಗ್ಗೆಯೇ ಚಿಂತಿಸಬೇಕು. ಒಂದು ವಾರ ಮೊದಲೇ ವಿಷಯವನ್ನು ತರಗತಿಯಲ್ಲಿ ಒಂದು ಗಂಟೆ ಚರ್ಚಿಸಿದರೆ ಮಕ್ಕಳು ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾರೆ. ಉಪನ್ಯಾಸಕ್ಕೆ ಎಷ್ಟು ಹೊತ್ತೋ ಪ್ರಶ್ನೆಗೂ ಅಷ್ಟೇ ಹೊತ್ತು ಇಡಬೇಕು, ಆಹ್ವಾನ ಪತ್ರಿಕೆಯಲ್ಲೇ ಅದನ್ನು ಅಚ್ಚು ಹಾಕಿಸಬೇಕು.

ಇದು ಕಾಲೇಜುಗಳಿಂದ ಮಾತ್ರ ಆಗುವ ಕೆಲಸವಲ್ಲ. ಹೆಸರಾಂತ ವಿಜ್ಞಾನಿಗಳೇ ಮನಸ್ಸು ಮಾಡಬೇಕು. ಶಾಲು, ಹಾರ, ಪೇಟ ಬೇಡ, ಆ ಅರ್ಧ ಗಂಟೆಯನ್ನು ವಿದ್ಯಾರ್ಥಿಗಳ ಪ್ರಶ್ನೆಗೆ ಕೊಡಿ, ಇಲ್ಲದಿದ್ದರೆ ನಾನು ಬರುವುದಿಲ್ಲ ಎಂದು ಆಹ್ವಾನ ಒಪ್ಪಿಕೊಳ್ಳುವ ಪತ್ರದಲ್ಲೇ ಅವರು ಬರೆದರೆ, ಆಗುವುದಿಲ್ಲ ಎನ್ನುವ ಪ್ರಾಂಶುಪಾಲರು ಈ ನಾಡಿನಲ್ಲಿ ಯಾರೂ ಇರಲಾರರು.